ಗುಣವಾಗಲು ಹೋದಲ್ಲೇ ಅಂಟುವ ರೋಗ: ಆಸ್ಪತ್ರೆ ಸೋಂಕಿನ ಬಗ್ಗೆ ನಾವು ತಿಳಿದಿರಬೇಕಾದದ್ದು

"ಆಪರೇಷನ್ ಚೆನ್ನಾಗೇ ಆಗಿತ್ತಂತೆ, ಮತ್ತೆ ಇನ್ಫೆಕ್ಷನ್ ಆಯ್ತು, ಉಳಿಯಲಿಲ್ಲ." ಈ ಮಾತನ್ನು ಕೇಳದವರು ನಮ್ಮ ಊರುಗಳಲ್ಲಿ ಬಹುಶಃ ಯಾರೂ ಇಲ್ಲ. ಸಾವಿನ ಮನೆಯಲ್ಲಿ, ಮಸೀದಿಯ ಅಂಗಳದಲ್ಲಿ, ಗಲ್ಫ್‌ನಿಂದ ಬರುವ ಫೋನಿನಲ್ಲಿ ಮತ್ತೆ ಮತ್ತೆ ಬರುವ ಮಾತಿದು. ಆದರೆ ಆ ಇನ್ಫೆಕ್ಷನ್ ಎಲ್ಲಿಂದ ಬಂತು, ಹೇಗೆ ಬಂತು, ತಡೆಯಲು ಸಾಧ್ಯವಿತ್ತೇ ಎಂದು ಕೇಳುವವರು ತೀರಾ ಕಡಿಮೆ. ಕೇಳಿದರೆ ಡಾಕ್ಟರಿಗೆ ಬೇಸರವಾದೀತು ಎಂಬ ಅಳುಕು ಕೆಲವರಿಗೆ. ಕೇಳಿ ಏನು ಪ್ರಯೋಜನ ಎಂಬ ನಿರಾಸೆ ಇನ್ನು ಕೆಲವರಿಗೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆಯವರಿಗೆ ಆಸ್ಪತ್ರೆ ಎಂದರೆ ಒಂದೇ ಕಟ್ಟಡವಲ್ಲ. ಮೊದಲು ಊರಿನ ಕ್ಲಿನಿಕ್, ಆಮೇಲೆ ತಾಲೂಕು ಆಸ್ಪತ್ರೆ ಇಲ್ಲವೇ ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆ, ಅಲ್ಲಿಯೂ ಆಗದಿದ್ದರೆ ಆಂಬುಲೆನ್ಸ್ ಹತ್ತಿ ತಲಪಾಡಿ ದಾಟಿ ಮಂಗಳೂರು. ರೋಗಿಯ ಜೊತೆ ಫೈಲು, ಎಕ್ಸ್‌ರೇ, ಬಟ್ಟೆಯ ಚೀಲ ಹೋಗುವಂತೆ ಒಂದು ಆಸ್ಪತ್ರೆಯ ರೋಗಾಣುವೂ ಮತ್ತೊಂದಕ್ಕೆ ಹೋಗುತ್ತದೆ. ಆದ್ದರಿಂದ ಈ ವಿಷಯ ಡಾಕ್ಟರು, ನರ್ಸುಗಳಿಗೆ ಮಾತ್ರ ಬಿಟ್ಟದ್ದಲ್ಲ. ಬೈಸ್ಟ್ಯಾಂಡರ್ ಆಗಿ ಹಾಸಿಗೆ ಪಕ್ಕ ರಾತ್ರಿ ಕಳೆಯುವ ನಾವೂ ಇದನ್ನು ತಿಳಿದಿರಬೇಕು.

ಆಸ್ಪತ್ರೆ ಸೋಂಕು ಅಂದರೆ ಏನು?

ರೋಗಿ ದಾಖಲಾಗುವಾಗ ಮೈಯಲ್ಲಿ ಇಲ್ಲದಿದ್ದ ಸೋಂಕು ಆಸ್ಪತ್ರೆಯಲ್ಲಿ ಇರುವಾಗ ಬಂದರೆ ಅದನ್ನು ಆಸ್ಪತ್ರೆಯಲ್ಲಿ ತಗುಲಿದ ಸೋಂಕು ಎನ್ನುತ್ತಾರೆ. ಸಾಮಾನ್ಯವಾಗಿ ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡದ್ದನ್ನು ಈ ಲೆಕ್ಕಕ್ಕೆ ಹಿಡಿಯುತ್ತಾರೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೂ ಇದು ಕಾಣಿಸಬಹುದು. ಆಪರೇಷನ್ ಗಾಯದ ಸೋಂಕಿಗೆ 30 ದಿನದವರೆಗೆ, ಒಳಗೆ ಲೋಹದ ಕೀಲು ಅಥವಾ ಇಂಪ್ಲಾಂಟ್ ಇಟ್ಟಿದ್ದರೆ 90 ದಿನದವರೆಗೂ ನಿಗಾ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ ಪ್ರತಿ 100 ರೋಗಿಗಳಲ್ಲಿ 7 ಮಂದಿಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಕನಿಷ್ಠ ಒಂದು ಸೋಂಕು ಆಸ್ಪತ್ರೆಯಲ್ಲೇ ತಗುಲುತ್ತದೆ. ಹೀಗೆ ತಗುಲಿದವರಲ್ಲಿ ಸರಾಸರಿ 10ರಲ್ಲಿ ಒಬ್ಬರು ಸಾಯುತ್ತಾರೆ. ಅದೇ ವರದಿಯಲ್ಲಿ ಸಮಾಧಾನದ ಮಾತೂ ಇದೆ. ಕೈ ಶುಚಿತ್ವ ಮತ್ತು ಇತರ ಸರಳ ಕ್ರಮಗಳನ್ನು ಸರಿಯಾಗಿ ಪಾಲಿಸಿದರೆ ಇಂಥ ಸೋಂಕುಗಳಲ್ಲಿ ಶೇ. 70ರವರೆಗೆ ತಡೆಯಬಹುದು.

ನಾಲ್ಕು ಬಾಗಿಲುಗಳು

ನಮ್ಮ ಚರ್ಮ ಒಂದು ಕೋಟೆಯ ಹಾಗೆ. ಅದು ಹರಿಯದಿದ್ದರೆ ಹೆಚ್ಚಿನ ರೋಗಾಣುಗಳು ಒಳಗೆ ಬರುವುದಿಲ್ಲ. ಆದರೆ ಚಿಕಿತ್ಸೆಗಾಗಿ ಆ ಕೋಟೆಗೆ ನಾವೇ ಬಾಗಿಲು ತೆರೆಯಬೇಕಾಗುತ್ತದೆ. ಮುಖ್ಯವಾಗಿ ನಾಲ್ಕು ಬಾಗಿಲುಗಳು:

1. ಮೂತ್ರದ ಟ್ಯೂಬ್. ಇದು ಒಳಗಿದ್ದಷ್ಟು ದಿನ ಮೂತ್ರಕೋಶಕ್ಕೆ ಸೋಂಕು ಏರುವ ಸಾಧ್ಯತೆ ದಿನದಿಂದ ದಿನಕ್ಕೆ ಹೆಚ್ಚುತ್ತದೆ.

2. ರಕ್ತನಾಳಕ್ಕೆ ಹಾಕುವ ಲೈನ್. ಕೈಯಲ್ಲಿ ಡ್ರಿಪ್‌ಗೆ ಹಾಕುವ ಸಣ್ಣ ಸೂಜಿಯಿಂದ ಹಿಡಿದು ಕುತ್ತಿಗೆ, ಎದೆಯ ಬಳಿ ಹಾಕುವ ಸೆಂಟ್ರಲ್ ಲೈನ್‌ವರೆಗೆ. ಇಲ್ಲಿಂದ ನುಗ್ಗಿದ ರೋಗಾಣು ನೇರ ರಕ್ತಕ್ಕೇ ಸೇರುತ್ತದೆ.

3. ವೆಂಟಿಲೇಟರ್. ಗಂಟಲಿನೊಳಗೆ ಟ್ಯೂಬ್ ಇದ್ದಾಗ ರೋಗಿಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಬಾಯಿಯ ರೋಗಾಣು ನಿಧಾನವಾಗಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

4. ಆಪರೇಷನ್ ಗಾಯ. ಹೆರಿಗೆಯ ಸಿಸೇರಿಯನ್ ಗಾಯವೂ ಇದರಲ್ಲಿ ಸೇರಿದೆ.

ಈ ನಾಲ್ಕೂ ಜೀವ ಉಳಿಸುವ ವಸ್ತುಗಳೇ. ಬೇಡ ಅನ್ನುವಂತಿಲ್ಲ. ಬೇಕಾದಾಗ ಮಾತ್ರ ಹಾಕಬೇಕು, ಶುಚಿಯಾಗಿ ಹಾಕಬೇಕು, ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಇಡೀ ಸೋಂಕು ನಿಯಂತ್ರಣ ವಿಜ್ಞಾನದ ಅರ್ಧ ಪಾಠ ಇಷ್ಟರಲ್ಲೇ ಇದೆ.

ಉಳಿದರ್ಧ ಕೈಯಲ್ಲಿದೆ

1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಝ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಇದ್ದರು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗಕ್ಕಿಂತ ಡಾಕ್ಟರುಗಳು, ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಬಹಳ ಹೆಚ್ಚು. ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದದ್ದೇ ಕಾರಣ ಎಂದು ಸೆಮ್ಮೆಲ್‌ವೈಸ್ ಗುರುತಿಸಿದರು. ಬ್ಲೀಚಿಂಗ್ ಪೌಡರ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಆದರೂ ಅಂದಿನ ಹಿರಿಯ ಡಾಕ್ಟರುಗಳಲ್ಲಿ ಹೆಚ್ಚಿನವರು ಒಪ್ಪಲಿಲ್ಲ. 1865ರಲ್ಲಿ ಸೆಮ್ಮೆಲ್‌ವೈಸ್ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು. "ನಮ್ಮ ಕೈಯಿಂದಲೇ ರೋಗಿಗೆ ತೊಂದರೆಯಾಗುತ್ತಿದೆ" ಎಂಬುದನ್ನು ಒಪ್ಪುವುದು ಅಂದೂ ಕಷ್ಟ, ಇಂದೂ ಕಷ್ಟ.

ಇಂದು ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆ ಸಿಬ್ಬಂದಿಗೆ ಕೈ ಶುಚಿ ಮಾಡಲು ಐದು ಸಂದರ್ಭಗಳನ್ನು ಹೇಳಿಕೊಟ್ಟಿದೆ. ರೋಗಿಯನ್ನು ಮುಟ್ಟುವ ಮೊದಲು, ಶುಚಿಯಾಗಿ ಮಾಡಬೇಕಾದ ಯಾವುದೇ ಕೆಲಸದ ಮೊದಲು, ರಕ್ತ ಅಥವಾ ದೇಹದ ದ್ರವ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಕೊನೆಯದ್ದನ್ನು ಎಲ್ಲರೂ ಮರೆಯುತ್ತಾರೆ. ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡ್, ಬಾಗಿಲ ಹಿಡಿ, ಮೊಬೈಲ್ ಇವೆಲ್ಲ ನೋಡಲು ಶುಚಿಯಾಗೇ ಇರುತ್ತವೆ. ಆದರೆ ಅಸಿನೆಟೊಬ್ಯಾಕ್ಟರ್, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಒಣ ಜಾಗದಲ್ಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಬಲ್ಲವು.

ಕೈಯಲ್ಲಿ ಕೊಳೆ ಕಾಣದಿದ್ದರೆ ಹ್ಯಾಂಡ್‌ರಬ್ ಸಾಕು, 20ರಿಂದ 30 ಸೆಕೆಂಡು ಉಜ್ಜಬೇಕು. ಕೊಳೆ ಕಂಡರೆ, ರಕ್ತ ತಾಗಿದರೆ, ಟಾಯ್ಲೆಟ್‌ಗೆ ಹೋಗಿ ಬಂದರೆ ಸೋಪು ನೀರು, 40ರಿಂದ 60 ಸೆಕೆಂಡು. ಭೇದಿ ಇರುವ ರೋಗಿಯನ್ನು ನೋಡಿಕೊಳ್ಳುವಾಗಲೂ ಸೋಪು ನೀರೇ ಆಗಬೇಕು, ಏಕೆಂದರೆ ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಭೇದಿ ತರುವ ಒಂದು ಬ್ಯಾಕ್ಟೀರಿಯಾದ ಬೀಜಕಣಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಕೈಗವಸು ಹಾಕಿದರೆ ಕೈ ತೊಳೆಯಬೇಕಿಲ್ಲ ಎಂಬುದು ತಪ್ಪು ಕಲ್ಪನೆ. ಒಂದೇ ಗ್ಲೌಸಿನಲ್ಲಿ ನಾಲ್ಕು ರೋಗಿಗಳನ್ನು ಮುಟ್ಟಿದರೆ ಗ್ಲೌಸ್ ಕಾಪಾಡಿದ್ದು ಹಾಕಿಕೊಂಡವರನ್ನು ಮಾತ್ರ, ರೋಗಿಗಳನ್ನಲ್ಲ.

ಹ್ಯಾಂಡ್‌ರಬ್‌ನಲ್ಲಿರುವ ಆಲ್ಕೋಹಾಲ್ ಬಗ್ಗೆ

ನಮ್ಮಲ್ಲಿ ಕೆಲವರು, ಅದರಲ್ಲೂ ಹಿರಿಯರು, ವಾರ್ಡಿನ ಬಾಗಿಲಲ್ಲಿ ಇಟ್ಟ ಹ್ಯಾಂಡ್‌ರಬ್ ಮುಟ್ಟಲು ಹಿಂಜರಿಯುತ್ತಾರೆ. "ಅದರಲ್ಲಿ ಆಲ್ಕೋಹಾಲ್ ಉಂಟಲ್ಲ" ಎಂಬುದು ಅವರ ಸಂಶಯ. ಸಂಶಯ ಸಹಜ, ಅದನ್ನು ನಗಾಡಿ ತಳ್ಳಿಹಾಕಬಾರದು. ಮಕ್ಕಾದಲ್ಲಿ 2002ರ ಜನವರಿಯಲ್ಲಿ ಸಭೆ ಸೇರಿದ್ದ ಮುಸ್ಲಿಂ ವರ್ಲ್ಡ್ ಲೀಗ್‌ನ ವಿದ್ವಾಂಸರ ಮಂಡಳಿ ಗಾಯ ಶುಚಿ ಮಾಡಲು, ರೋಗಾಣು ಕೊಲ್ಲಲು, ಹೊರಗೆ ಹಚ್ಚುವ ಮುಲಾಮುಗಳಲ್ಲಿ ಆಲ್ಕೋಹಾಲ್ ಬಳಸಬಹುದು ಎಂದು ತೀರ್ಮಾನಿಸಿದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2009ರ ಕೈ ಶುಚಿತ್ವ ಮಾರ್ಗಸೂಚಿಯಲ್ಲಿ ಇದನ್ನು ಉಲ್ಲೇಖಿಸಿದೆ. ಸೌದಿ ಅರೇಬಿಯದ ಆಸ್ಪತ್ರೆಗಳಲ್ಲೂ ಹ್ಯಾಂಡ್‌ರಬ್ ಬಳಕೆಯಲ್ಲಿದೆ. ಇನ್ನೂ ಮನಸ್ಸು ಒಪ್ಪದಿದ್ದರೆ ಊರಿನ ಉಸ್ತಾದರಲ್ಲಿ ಕೇಳಬಹುದು. ಅಷ್ಟರವರೆಗೆ ಸೋಪು ನೀರು ಇದ್ದೇ ಇದೆ. ಯಾವುದೂ ಮಾಡದೆ ಒಳಗೆ ಹೋಗುವುದು ಮಾತ್ರ ಸರಿಯಲ್ಲ.

ಕೋಝಿಕ್ಕೋಡ್ ಕಲಿಸಿದ ಪಾಠ

ಆಸ್ಪತ್ರೆ ಸೋಂಕು ಎಂದರೆ ಏನು ಎಂಬುದು ಕೇರಳಕ್ಕೆ 2018ರ ಮೇ ತಿಂಗಳಲ್ಲಿ ಚೆನ್ನಾಗಿ ಅರಿವಾಯಿತು. ಕೋಝಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡಾಗ ಬಾವಲಿಯಿಂದ ಮೊದಲ ರೋಗಿಗೆ ಬಂದಿದೆ ಎಂಬುದೇ ಸುದ್ದಿಯಾಯಿತು. ಆದರೆ ಅಲ್ಲಿಂದ ಮುಂದೆ ಅದು ಹರಡಿದ್ದು ಹೆಚ್ಚಾಗಿ ಆಸ್ಪತ್ರೆಯೊಳಗೆ. ಪೇರಾಂಬ್ರ ತಾಲೂಕು ಆಸ್ಪತ್ರೆಯ ವಾರ್ಡಿನಲ್ಲಿ, ಆಮೇಲೆ ಮೆಡಿಕಲ್ ಕಾಲೇಜಿನಲ್ಲಿ ಸ್ಕ್ಯಾನಿಂಗ್‌ಗೆ ಕಾಯುತ್ತಿದ್ದ ಕಾರಿಡಾರಿನಲ್ಲಿ ಆ ರೋಗಿಯ ಹತ್ತಿರ ಇದ್ದವರಿಗೆ ಸೋಂಕು ತಗುಲಿತು. ಪೇರಾಂಬ್ರದಲ್ಲಿ ಆ ರೋಗಿಯ ಶುಶ್ರೂಷೆ ಮಾಡಿದ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ತೀರಿಕೊಂಡರು. ಎರಡು ಪುಟ್ಟ ಮಕ್ಕಳ ತಾಯಿ.

ಸಂದರ್ಶಕರ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಠ ದಕ್ಷಿಣ ಕೊರಿಯಾದ್ದು. 2015ರಲ್ಲಿ ಮಧ್ಯಪ್ರಾಚ್ಯದಿಂದ ಹಿಂದಿರುಗಿದ ಒಬ್ಬ ವ್ಯಕ್ತಿಯಿಂದ ಅಲ್ಲಿಗೆ ಮೆರ್ಸ್ ರೋಗ ಬಂತು. ಒಟ್ಟು 186 ಮಂದಿಗೆ ತಗುಲಿ 38 ಮಂದಿ ಸತ್ತರು. ರೋಗಿಗಳು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದದ್ದು, ಮನೆಯವರೇ ಪಕ್ಕದಲ್ಲಿ ಕೂತು ನೋಡಿಕೊಳ್ಳುವ ರೂಢಿ, ತುಂಬಿ ತುಳುಕುವ ತುರ್ತು ವಿಭಾಗ, ಎಲ್ಲ ಸೇರಿ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಒಂದೇ ತುರ್ತು ವಿಭಾಗದಲ್ಲಿ ಒಬ್ಬ ರೋಗಿಯಿಂದ 82 ಮಂದಿಗೆ ಹರಡಿತು. ಅವರಲ್ಲಿ 41 ಮಂದಿ ರೋಗಿಗಳೂ ಅಲ್ಲ, ಸಿಬ್ಬಂದಿಯೂ ಅಲ್ಲ, ನೋಡಲು ಬಂದವರು. ಓದುವಾಗ ನಮ್ಮ ಊರಿನ ಆಸ್ಪತ್ರೆಗಳ ಕಥೆಯೇ ಅನಿಸುವುದಿಲ್ಲವೇ?

ಮದ್ದೇ ನಾಟದ ರೋಗಾಣು

ಮನೆಯಲ್ಲಿ ಬರುವ ಸೋಂಕಿಗಿಂತ ಆಸ್ಪತ್ರೆ ಸೋಂಕು ಏಕೆ ಹೆಚ್ಚು ಅಪಾಯ? ಅಲ್ಲಿರುವ ರೋಗಾಣುಗಳು ದಿನವೂ ಆಂಟಿಬಯೋಟಿಕ್‌ಗಳ ನಡುವೆಯೇ ಬದುಕಿ ಪಳಗಿದವು. ದುರ್ಬಲವಾದವು ಸಾಯುತ್ತವೆ, ಮದ್ದನ್ನು ಎದುರಿಸಿ ನಿಲ್ಲಬಲ್ಲವು ಉಳಿದು ಬೆಳೆಯುತ್ತವೆ. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಯುಡೊಮೊನಾಸ್ ಇವು ನಮ್ಮ ದೇಶದ ಐಸಿಯುಗಳಲ್ಲಿ ಹೆಚ್ಚು ಕಾಟ ಕೊಡುವ ಹೆಸರುಗಳು. ಕಾರ್ಬಪೆನೆಮ್ ಎಂಬ ಬಲವಾದ ಆಂಟಿಬಯೋಟಿಕ್ ಗುಂಪಿಗೂ ಇವುಗಳಲ್ಲಿ ಅನೇಕವು ಬಗ್ಗುವುದಿಲ್ಲ. ಆಗ ಉಳಿಯುವುದು ಕಿಡ್ನಿಗೆ ಹಾನಿ ಮಾಡಬಲ್ಲ ಹಳೆಯ ಮದ್ದುಗಳು ಅಥವಾ ದಿನಕ್ಕೆ ಸಾವಿರಾರು ರೂಪಾಯಿಯ ಹೊಸ ಇಂಜೆಕ್ಷನ್‌ಗಳು. ಬಿಲ್ಲು ಏರುವುದು, ಊರಿನವರು ಸೇರಿ ದುಡ್ಡು ಒಟ್ಟು ಮಾಡಬೇಕಾಗಿ ಬರುವುದು ಹೆಚ್ಚಾಗಿ ಈ ಹಂತದಲ್ಲೇ.

ಇದರಲ್ಲಿ ನಮ್ಮ ಪಾಲೂ ಇದೆ. ಶೀತ, ಕೆಮ್ಮು ಬಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ "ಆ ಮೂರು ದಿನದ ಮಾತ್ರೆ ಕೊಡಿ" ಅನ್ನುವವರು ನಾವೇ. ವೈರಸ್‌ನಿಂದ ಬರುವ ಶೀತಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಬದಲಿಗೆ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಗೆ ಆ ಮದ್ದಿನ ಪರಿಚಯ ಮಾಡಿಕೊಡುತ್ತದೆ. 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ನಿಯಮದಂತೆ ಹಲವು ಮುಖ್ಯ ಆಂಟಿಬಯೋಟಿಕ್‌ಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು. ಕೇರಳ ಸರಕಾರ 2018ರಲ್ಲಿ ಆಂಟಿಬಯೋಟಿಕ್ ಪ್ರತಿರೋಧ ತಡೆಗೆ ರಾಜ್ಯದ್ದೇ ಆದ ಕ್ರಿಯಾ ಯೋಜನೆ ತಂದು, ಚೀಟಿ ಇಲ್ಲದ ಮಾರಾಟದ ವಿರುದ್ಧ ಬಿಗಿ ಕ್ರಮಕ್ಕೂ ಇಳಿದಿದೆ. ಅಂಗಡಿಯವ ಕೊಡಲ್ಲ ಅಂದಾಗ ಅವನ ಜೊತೆ ಜಗಳ ಮಾಡಬೇಡಿ. ಅವನು ಮಾಡುತ್ತಿರುವುದು ಸರಿ.

ಆಸ್ಪತ್ರೆಗಳಿಗೆ ಇರುವ ಕಷ್ಟಗಳು

ಎಲ್ಲದಕ್ಕೂ ಸಿಬ್ಬಂದಿಯನ್ನು ಬೈಯುವುದು ಸುಲಭ. ಆದರೆ ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬರು ನರ್ಸ್ ಇರಬೇಕೆಂಬುದು ನಿಯಮವಾದರೂ ಎಷ್ಟೋ ಕಡೆ ಒಬ್ಬರೇ ಮೂರು ನಾಲ್ಕು ಮಂಚ ನೋಡಿಕೊಳ್ಳುತ್ತಾರೆ. ಪ್ರತಿ ಸಲ ಕೈ ಶುಚಿ ಮಾಡಲು ಬೇಕಾದ ಸಮಯವೇ ಅವರಿಗೆ ಸಿಗುವುದಿಲ್ಲ. ಮಂಚಗಳ ನಡುವೆ ಜಾಗ ಇಲ್ಲ. ಒಬ್ಬರನ್ನು ಬೇರೆ ಕೋಣೆಯಲ್ಲಿ ಇಡಬೇಕು ಎಂದರೆ ಕೋಣೆ ಇರುವುದಿಲ್ಲ. ಲ್ಯಾಬ್ ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ ಯಾವ ರೋಗಾಣು ಎಂದು ತಿಳಿಯುವ ಕಲ್ಚರ್ ಪರೀಕ್ಷೆಯೇ ಆಗುವುದಿಲ್ಲ, ಅಂದಾಜಿನ ಮೇಲೆ ದೊಡ್ಡ ಮದ್ದು ಶುರುವಾಗುತ್ತದೆ. ಗುಡಿಸಿ ಒರೆಸುವ ಕೆಲಸದವರು ಹೆಚ್ಚಾಗಿ ಗುತ್ತಿಗೆಯವರು. ಸಂಬಳ ಕಡಿಮೆ, ತರಬೇತಿ ಅದಕ್ಕಿಂತ ಕಡಿಮೆ. ಆದರೆ ಸೋಂಕು ತಡೆಯುವುದರಲ್ಲಿ ಅವರ ಪಾಲು ಡಾಕ್ಟರಿನಷ್ಟೇ ದೊಡ್ಡದು. ಇನ್ನೊಂದು ಕಷ್ಟ, ಸೋಂಕಿನ ಲೆಕ್ಕ ಹೊರಗೆ ಹೇಳಿದರೆ ಹೆಸರು ಕೆಡುತ್ತದೆ ಎಂಬ ಭಯ. ಎಣಿಸದೇ ಇದ್ದದ್ದನ್ನು ಕಡಿಮೆ ಮಾಡಲು ಯಾರಿಂದಲೂ ಆಗದು.

ನೆರವಿಗೆ ಇರುವ ಸಾಧನಗಳು

ಹಾಗೆಂದು ದಾರಿ ಇಲ್ಲವೆಂದಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡಾ. ಪೀಟರ್ ಪ್ರೊನೊವೊಸ್ಟ್ ಮತ್ತವರ ತಂಡ 103 ಐಸಿಯುಗಳಲ್ಲಿ ಐದೇ ಅಂಶಗಳನ್ನು ಜಾರಿಗೆ ತಂದರು: ಸೆಂಟ್ರಲ್ ಲೈನ್ ಹಾಕುವ ಮೊದಲು ಕೈ ತೊಳೆಯುವುದು, ರೋಗಿಯ ಮೈಗೆ ಪೂರ್ತಿ ಶುದ್ಧ ಬಟ್ಟೆ ಹೊದಿಸುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿ ಮಾಡುವುದು, ಸಾಧ್ಯವಾದಷ್ಟು ತೊಡೆಸಂದಿಯಲ್ಲಿ ಹಾಕದಿರುವುದು, ಬೇಡದ ಲೈನ್ ತೆಗೆಯುವುದು. ಯಾವುದೂ ಹೊಸ ಮದ್ದಲ್ಲ, ದುಬಾರಿ ಯಂತ್ರವಲ್ಲ. ಹಂತ ತಪ್ಪಿದರೆ ಡಾಕ್ಟರನ್ನೇ ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟದ್ದು ಇದರ ವಿಶೇಷ. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರಕ್ತದ ಸೋಂಕು ಶೇ. 66ರವರೆಗೆ ಇಳಿದಿತ್ತು.

ಹೀಗೆಯೇ ವೆಂಟಿಲೇಟರ್ ರೋಗಿಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರದಲ್ಲಿಡುವುದು, ಬಾಯಿ ಶುಚಿಯಾಗಿಡುವುದು, ಆಪರೇಷನ್‌ಗೆ ಮೊದಲು ಸರಿಯಾದ ಹೊತ್ತಿಗೆ ಆಂಟಿಬಯೋಟಿಕ್ ಕೊಡುವುದು ಇವೆಲ್ಲ ಸಾಬೀತಾದ ಕ್ರಮಗಳು.

ನಮ್ಮ ದೇಶದಲ್ಲಿ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಬಣ್ಣದ ಬಕೆಟ್‌ಗಳಿವೆ. ರಕ್ತ ತಾಗಿದ ಹತ್ತಿ, ಬ್ಯಾಂಡೇಜ್ ಹಳದಿಗೆ. ಟ್ಯೂಬ್, ಗ್ಲೌಸ್‌ನಂಥವು ಕೆಂಪಿಗೆ. ಸೂಜಿ, ಬ್ಲೇಡು ಬಿಳಿ ಡಬ್ಬಕ್ಕೆ. ಗಾಜಿನ ಬಾಟ್ಲಿ ನೀಲಿಗೆ. ನಾವು ಬಿರಿಯಾನಿ ಪೊಟ್ಟಣ, ಬಾಳೆಹಣ್ಣಿನ ಸಿಪ್ಪೆ ಹಳದಿ ಬಕೆಟ್‌ಗೆ ಹಾಕಬಾರದು. ಸರಕಾರಿ ಆಸ್ಪತ್ರೆಗಳ ಶುಚಿತ್ವಕ್ಕೆ ಅಂಕ ಕೊಡುವ ಕಾಯಕಲ್ಪ ಯೋಜನೆ 2015ರಿಂದ ಇದೆ. ಸೋಂಕು ತಡೆಗೆ 2020ರಲ್ಲಿ ರಾಷ್ಟ್ರೀಯ ಮಾರ್ಗಸೂಚಿಯೂ ಬಂದಿದೆ. ಆಸ್ಪತ್ರೆ ಆರಿಸುವಾಗ "ಇಲ್ಲಿ ಇನ್ಫೆಕ್ಷನ್ ಕಂಟ್ರೋಲ್ ನರ್ಸ್ ಇದ್ದಾರಾ?" ಎಂದು ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಿಂದಲೇ ಬಹಳಷ್ಟು ತಿಳಿಯುತ್ತದೆ.

ಬೈಸ್ಟ್ಯಾಂಡರ್ ಏನು ಮಾಡಬಹುದು?

* ವಾರ್ಡಿಗೆ ಬಂದಾಗ, ಹೋಗುವಾಗ, ಊಟ ತಿನ್ನಿಸುವ ಮೊದಲು ಕೈ ಶುಚಿ ಮಾಡಿ. ಉಂಗುರ, ಬಳೆ ಬಿಚ್ಚಿಟ್ಟರೆ ಒಳ್ಳೆಯದು.

* "ಸಿಸ್ಟರ್, ಈ ಟ್ಯೂಬ್ ಇನ್ನೂ ಬೇಕಾ?" ಎಂದು ದಿನಕ್ಕೊಮ್ಮೆ ಮೆಲ್ಲಗೆ ಕೇಳಿ. ಇದು ಅಧಿಕಪ್ರಸಂಗವಲ್ಲ.

* ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ರೋಗಿಯನ್ನು ಸಾಗಿಸುವಾಗ ಹೊಟ್ಟೆ ಮೇಲೆ ಇಡಬೇಡಿ.

* ಡ್ರಿಪ್ ಸೂಜಿಯ ಜಾಗದಲ್ಲಿ ನೋವು, ಕೆಂಪು, ಬಾವು ಕಂಡರೆ ಕೂಡಲೇ ತಿಳಿಸಿ.

* ಆಪರೇಷನ್‌ಗೆ ಮೊದಲು ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲೇ ರೋಗಾಣು ಕೂರುತ್ತದೆ. ತೆಗೆಯಲೇಬೇಕಾದರೆ ಆಸ್ಪತ್ರೆಯವರು ಕ್ಲಿಪ್ಪರ್‌ನಲ್ಲಿ ತೆಗೆಯಲಿ.

* ಸಕ್ಕರೆ ಕಾಯಿಲೆ ಇದ್ದರೆ ಆಪರೇಷನ್‌ಗೆ ಮೊದಲೇ ಹತೋಟಿಗೆ ತನ್ನಿ. ಬೀಡಿ, ಸಿಗರೇಟು ನಿಲ್ಲಿಸಿ. ಎರಡೂ ಗಾಯ ಮಾಯುವುದನ್ನು ತಡೆಯುತ್ತವೆ.

* ಗಾಯದ ಬ್ಯಾಂಡೇಜನ್ನು ನೀವೇ ಬಿಚ್ಚಿ ನೋಡಬೇಡಿ, ಊರಿನ ಎಣ್ಣೆ, ಪುಡಿ ಹಚ್ಚಬೇಡಿ.

* ಬೇರೆ ಆಸ್ಪತ್ರೆಗೆ ಸಾಗಿಸುವಾಗ ಕಲ್ಚರ್ ರಿಪೋರ್ಟ್, ಕೊಟ್ಟ ಆಂಟಿಬಯೋಟಿಕ್‌ಗಳ ಪಟ್ಟಿ ಕೇಳಿ ಪಡೆಯಿರಿ. "ಇವರು ಇಂಥ ಆಸ್ಪತ್ರೆಯ ಐಸಿಯುನಲ್ಲಿ ಇಷ್ಟು ದಿನ ಇದ್ದರು" ಎಂದು ಹೊಸ ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ಹೇಳಿದರೆ ಸೇರಿಸಿಕೊಳ್ಳಲ್ಲ ಎಂದು ಮುಚ್ಚಿಡುವುದು ನಿಮ್ಮವರಿಗೂ ಪಕ್ಕದ ಮಂಚದವರಿಗೂ ಅಪಾಯ.

* ಮನೆಗೆ ಬಂದ ಮೇಲೆ ಜ್ವರ, ಚಳಿ, ಗಾಯದಲ್ಲಿ ಕೀವು, ಜೋರು ಉಸಿರಾಟ, ಮೂತ್ರ ಕಡಿಮೆಯಾಗುವುದು, ಮಾತು ತಡಬಡಾಯಿಸುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

ನೋಡಲು ಹೋಗುವುದು ಹೇಗೆ?

ರೋಗಿಯನ್ನು ಕಂಡು ಸಮಾಧಾನ ಹೇಳುವುದು ನಮ್ಮಲ್ಲಿ ಪುಣ್ಯದ ಕೆಲಸ, ಸಂಬಂಧದ ಕೆಲಸ. ಅದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಒಂದು ಇನ್ನೋವಾದಲ್ಲಿ ಎಂಟು ಮಂದಿ, ಅದರಲ್ಲಿ ಮೂರು ಮಕ್ಕಳು, ಐಸಿಯು ಬಾಗಿಲಲ್ಲಿ ಸೆಕ್ಯೂರಿಟಿಯವನ ಜೊತೆ ವಾದ, ಒಳಗೆ ಹೋಗಿ ಮಂಚದ ಮೇಲೆ ಕೂತು ರೋಗಿಯ ಕೈ ಹಿಡಿಯುವುದು, ಅಲ್ಲಿಂದ ಪಕ್ಕದ ವಾರ್ಡಿನ ಇನ್ನೊಬ್ಬ ಸಂಬಂಧಿಯ ಬಳಿಗೆ. ಇದರಿಂದ ರೋಗಿಗೆ ಸಿಗುವ ಸಮಾಧಾನಕ್ಕಿಂತ ತೊಂದರೆಯೇ ಹೆಚ್ಚು. ಶೀತ, ಜ್ವರ, ಭೇದಿ ಇರುವವರು ಹೋಗಲೇಬಾರದು. ಮಂಚದ ಮೇಲೆ ಕೂರಬಾರದು. ಕಿಮೋ ಆದವರು, ನವಜಾತ ಶಿಶು, ಐಸಿಯು ರೋಗಿಗಳನ್ನು ಫೋನಿನಲ್ಲೇ ವಿಚಾರಿಸಿ, ದುಆ ಮನೆಯಿಂದಲೇ ಮಾಡಿ. ಉಮ್ಮಂದಿರಿಗೆ ಇದನ್ನು ಒಪ್ಪಿಸುವುದು ಕಷ್ಟ ನಿಜ. ಆದರೆ "ಅವರ ಆರೋಗ್ಯಕ್ಕೋಸ್ಕರ ಉಮ್ಮ" ಎಂದು ಮಕ್ಕಳೇ ಕೂತು ತಿಳಿಸಿದರೆ ಕೇಳುತ್ತಾರೆ.

ಯುವಕರಿಗೊಂದು ಕೆಲಸ

ರಾತ್ರಿ ಎರಡು ಗಂಟೆಗೆ ರಕ್ತ ಬೇಕೆಂದರೆ ಓಡಿ ಬರುವ ಹುಡುಗರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಆಂಬುಲೆನ್ಸ್ ಓಡಿಸುವವರು, ಬಿಲ್ಲಿಗೆ ದುಡ್ಡು ಹೊಂದಿಸುವವರು, ಆಸ್ಪತ್ರೆಯಲ್ಲಿ ಗುರುತಿಲ್ಲದವರ ಜೊತೆ ನಿಲ್ಲುವವರೂ ಇದ್ದಾರೆ. ಇದೇ ಸಂಘಗಳು, ಇದೇ ವಾಟ್ಸಾಪ್ ಗ್ರೂಪ್‌ಗಳು ಇನ್ನೊಂದು ಹೆಜ್ಜೆ ಇಡಬಹುದು. ಆಂಬುಲೆನ್ಸ್‌ನ ಸ್ಟ್ರೆಚರ್, ಆಕ್ಸಿಜನ್ ಮಾಸ್ಕ್ ಪ್ರತಿ ರೋಗಿಯ ನಂತರ ಶುಚಿಯಾಗುತ್ತದೆಯೇ ನೋಡಿ. ಬೈಸ್ಟ್ಯಾಂಡರ್ ಆಗಿ ಹೋಗುವವರಿಗೆ ಒಂದು ಪುಟದ ಸೂಚನೆ ಕನ್ನಡದಲ್ಲಿ, ಮಲಯಾಳದಲ್ಲಿ, ಬ್ಯಾರಿ ಮಾತಿನ ವಾಯ್ಸ್ ಮೆಸೇಜಿನಲ್ಲಿ ಕಳುಹಿಸಿ. ಊರಿನ ಸರಕಾರಿ ಆಸ್ಪತ್ರೆಗೆ ದಾನ ಕೊಡುವುದಿದ್ದರೆ ಗೋಡೆ ಗಡಿಯಾರ, ಹೆಸರಿನ ಫಲಕಕ್ಕಿಂತ ವಾರ್ಡಿಗೊಂದು ಸಿಂಕ್, ನೀರು ಬರುವ ನಲ್ಲಿ, ಸೋಪು ಕೊಡಿ. ಪ್ರತಿ ವರ್ಷ ಮೇ 5 ವಿಶ್ವ ಕೈ ಶುಚಿತ್ವ ದಿನ. ಮದರಸ, ಶಾಲೆಗಳಲ್ಲಿ ಆ ದಿನ ಅರ್ಧ ಗಂಟೆ ಮಕ್ಕಳಿಗೆ ಕೈ ತೊಳೆಯುವ ಕ್ರಮ ಕಲಿಸಬಹುದು. ದಿನಕ್ಕೆ ಐದು ಸಲ ವುಝೂ ಮಾಡುವ ಮನೆಯ ಮಕ್ಕಳಿಗೆ ಇದು ಹೊಸ ಪಾಠವೇನಲ್ಲ. ಅದರ ಜೊತೆಗೆ ಸೋಪು, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಂದು ಸೇರಿಸಿ ಹೇಳಿದರಾಯಿತು.

ದೊಡ್ಡ ಆಸ್ಪತ್ರೆ ಕಟ್ಟುವುದು, ನರ್ಸುಗಳ ಸಂಖ್ಯೆ ಹೆಚ್ಚಿಸುವುದು ಸರಕಾರ ಮತ್ತು ಆಡಳಿತ ಮಂಡಳಿಗಳ ಕೆಲಸ. ಅದನ್ನು ಅವರಲ್ಲಿ ಕೇಳುತ್ತಲೇ ಇರಬೇಕು. ಕೈ ತೊಳೆಯುವುದು, ಗುಂಪು ಕಡಿಮೆ ಮಾಡುವುದು, ಬೇಡದ ಮಾತ್ರೆ ನುಂಗದಿರುವುದು, ಹೆದರದೆ ಒಂದು ಪ್ರಶ್ನೆ ಕೇಳುವುದು ಇವು ನಮ್ಮ ಕೈಯಲ್ಲೇ ಇವೆ. ಇದಕ್ಕೆ ಬಜೆಟ್ ಬೇಡ, ಯಾರ ಅನುಮತಿಯೂ ಬೇಡ. ಮುಂದಿನ ಸಲ ಆಸ್ಪತ್ರೆಗೆ ಹೋಗುವವರು ಇವತ್ತಿನಿಂದಲೇ ಶುರು ಮಾಡಬಹುದು.